ವೃದ್ಧಾಶ್ರಮದ ಶುಲ್ಕಕ್ಕೆ ಕೂಡಿಟ್ಟ ಹಣ ಸಾಲದೆ ಬಂದಾಗ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಾಗಲಿ, ಕರಾವಳಿಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಲ್ಲಾಗಲಿ, ಹಾಸಿಗೆ ಹಿಡಿದ ಇಲ್ಲವೇ ಮರೆವು ಬಂದ ತಂದೆ ತಾಯಿಯನ್ನು ಶುಲ್ಕ ಕೊಟ್ಟು ವೃದ್ಧಾಶ್ರಮದಲ್ಲಿ ಇರಿಸಿದ ಮನೆಗಳು ಈಗ ಅಪರೂಪವಲ್ಲ. ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ, ಊರಿನಲ್ಲಿ ಉಳಿದವರೂ ಅರವತ್ತು ದಾಟಿರುತ್ತಾರೆ, ರಾತ್ರಿ ಎಬ್ಬಿಸಿ ಮಗ್ಗುಲು ಬದಲಿಸುವ ಕೈಗಳು ಮನೆಯಲ್ಲಿ ಇರುವುದಿಲ್ಲ. ಸೇರಿಸುವ ದಿನ ಎಲ್ಲರೂ ಕೇಳುವುದು ತಿಂಗಳ ಶುಲ್ಕ ಎಷ್ಟು ಎಂಬುದನ್ನು ಮಾತ್ರ. ಎಷ್ಟು ವರ್ಷಕ್ಕೆ ಹಣ ಇದೆ ಎಂಬ ಪ್ರಶ್ನೆ ಬಾಯಿಗೆ ಬರುವುದಿಲ್ಲ, ಏಕೆಂದರೆ ಅದು ಆಯುಷ್ಯದ ಲೆಕ್ಕ ಹಾಕಿದಂತೆ ಕೇಳಿಸುತ್ತದೆ. ನಮ್ಮ ಮನೆಯಲ್ಲೂ ಯಾರೂ ಕೇಳಲಿಲ್ಲ. ಆಯಿಯನ್ನು, ಅಂದರೆ ನನ್ನ ತಾಯಿಯನ್ನು, ಸೇರಿಸಿದ ಮೂರನೆಯ ವರ್ಷ ಒಂದು ಠೇವಣಿ ಮುರಿಸಲು ಬ್ಯಾಂಕಿಗೆ ಹೋದಾಗ, ಉಳಿದಿರುವುದು ಅದೊಂದೇ ಠೇವಣಿ ಎಂಬುದು ಗುಮಾಸ್ತರ ಬಾಯಿಂದ ನನಗೆ ತಿಳಿಯಿತು. ಅಲ್ಲಿಂದ ಮುಂದೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೈಯಲ್ಲಿ ಇನ್ನೂ ಒಂದು ವರ್ಷದ ಶುಲ್ಕ ಇರುವಾಗ ಓಡಾಡಲು ಆರಂಭಿಸಿದವರಿಗೆ ಹಲವು ದಾರಿಗಳಿರುತ್ತವೆ. ಒಂದು ತಿಂಗಳ ಶುಲ್ಕ ಉಳಿದಾಗ ಆರಂಭಿಸಿದವರಿಗೆ ಸಾಲ ಒಂದೇ ದಾರಿಯಾಗಿ ಉಳಿಯುತ್ತದೆ.

ಮೊದಲು ತಿಂಗಳುಗಳನ್ನು ಎಣಿಸಿ

ಒಂದು ಹಾಳೆ ತೆಗೆದುಕೊಂಡು ಕಳೆದ ಆರು ತಿಂಗಳಲ್ಲಿ ನಿಜವಾಗಿ ಖರ್ಚಾದ ಹಣವನ್ನು ಬರೆಯಿರಿ. ಆಶ್ರಮದ ಶುಲ್ಕದ ಜೊತೆಗೆ ಡೈಪರ್, ಔಷಧ, ರಕ್ತಪರೀಕ್ಷೆ, ಫಿಸಿಯೋಥೆರಪಿ, ಕ್ಷೌರ, ಆಸ್ಪತ್ರೆಗೆ ಹೋಗಿಬರುವ ವಾಹನ, ಹಬ್ಬಕ್ಕೆ ಸಹಾಯಕಿಯರಿಗೆ ಕೊಟ್ಟ ಹಣ ಇವೆಲ್ಲವೂ ಸೇರಬೇಕು. ಆಯಿಯ ಲೆಕ್ಕದಲ್ಲಿ ಶುಲ್ಕದ ಹೊರಗಿನ ಈ ಖರ್ಚು ಶುಲ್ಕದ ಮೂರನೆಯ ಒಂದು ಭಾಗದಷ್ಟಾಗುತ್ತಿತ್ತು. ನಾವು ಅದನ್ನು ಖರ್ಚೆಂದೇ ಎಣಿಸಿರಲಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಿಂಗಳ ಶುಲ್ಕ 18,000 ರೂಪಾಯಿ, ಇತರ ಖರ್ಚು 5,500, ಒಟ್ಟು 23,500. ಕುಟುಂಬ ಪಿಂಚಣಿ 9,000 ಬರುತ್ತದೆ. ಅಂದರೆ ಪ್ರತಿ ತಿಂಗಳು ಉಳಿತಾಯದಿಂದ ತೆಗೆಯಬೇಕಾದದ್ದು 14,500. ಬ್ಯಾಂಕಿನಲ್ಲಿ 8,70,000 ಇದ್ದರೆ ಭಾಗಿಸಿದಾಗ ಸರಿಯಾಗಿ 60 ತಿಂಗಳು, ಐದು ವರ್ಷ, ಎಂದು ಸಮಾಧಾನವಾಗುತ್ತದೆ. ಆದರೆ ಖರ್ಚು ವರ್ಷಕ್ಕೆ ನೂರಕ್ಕೆ 10ರಂತೆ ಏರಿ, ಪಿಂಚಣಿ ಇದ್ದಲ್ಲೇ ಇದ್ದರೆ, ಮೊದಲ ವರ್ಷ 1,74,000, ಎರಡನೆಯ ವರ್ಷ 2,02,200, ಮೂರನೆಯ ವರ್ಷ 2,33,220, ನಾಲ್ಕನೆಯ ವರ್ಷ 2,67,342 ರೂಪಾಯಿ ಉಳಿತಾಯದಿಂದ ಹೋಗುತ್ತದೆ. ಇವುಗಳ ಮೊತ್ತ 8,76,762. ಐದು ವರ್ಷವೆಂದುಕೊಂಡದ್ದು ನಾಲ್ಕು ವರ್ಷವೂ ತುಂಬಲಿಲ್ಲ. ಠೇವಣಿಯ ಬಡ್ಡಿ ಸೇರಿಸಿದರೆ ಇನ್ನೊಂದು ಅರ್ಧ ವರ್ಷ ಎಳೆಯಬಹುದು, ಅಷ್ಟೇ. ಹತ್ತು ಎಂಬುದು ನಾನು ಲೆಕ್ಕಕ್ಕೆ ಹಿಡಿದ ಅಂಕಿ. ನಿಮ್ಮ ಆಶ್ರಮ ಹಿಂದಿನ ವರ್ಷಗಳಲ್ಲಿ ಎಷ್ಟು ಏರಿಸಿದೆ ಎಂಬುದನ್ನು ರಸೀದಿ ನೋಡಿ ಹಾಕಿಕೊಳ್ಳಿ.

ಹೀಗೆ ಬಂದ ಕೊನೆಯ ತಿಂಗಳಿನಿಂದ ಹನ್ನೆರಡು ತಿಂಗಳು ಹಿಂದಕ್ಕೆ ಎಣಿಸಿ, ಆ ತಿಂಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೆಳಗೆ ಹೇಳುವ ಕೆಲಸಗಳೆಲ್ಲ ತಡವೆಂದರೂ ಅಂದು ಆರಂಭವಾಗಬೇಕು. ಈ ಲೆಕ್ಕದಿಂದ ಎರಡು ಮೊತ್ತಗಳನ್ನು ಹೊರಗಿಡಿ. ಒಂದು, ತುರ್ತು ಆಸ್ಪತ್ರೆಯ ಹಣ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಇಲ್ಲವೇ ಗೋವಾಕ್ಕೆ ಓಡುವುದು ಇಂದಿಗೂ ತಪ್ಪಿಲ್ಲ, ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರ್, ಆಂಬುಲೆನ್ಸ್ ಬಾಡಿಗೆಯೊಂದೇ ಒಂದು ತಿಂಗಳ ಇತರ ಖರ್ಚನ್ನು ನುಂಗಿಬಿಡಬಹುದು. ಇನ್ನೊಂದು, ಉತ್ತರಕ್ರಿಯೆಯ ಹಣ. ಅದನ್ನು ಬರೆಯಲು ಕೈ ನಡುಗುತ್ತದೆ, ಆದರೂ ಬರೆಯಿರಿ. ಬರೆಯದ ಮನೆಗಳಲ್ಲಿ ಆ ಹಣ ಸಾಲದಿಂದ ಬರುತ್ತದೆ.

ಅರಿವು ಇರುವಾಗಲೇ ಸಹಿ

ಹಣ ಇದ್ದೂ ತೆಗೆಯಲಾಗದ ಸ್ಥಿತಿ ಹಣ ಇಲ್ಲದ ಸ್ಥಿತಿಯಷ್ಟೇ ಕಷ್ಟದ್ದು. ತಾಯಿಯಿಂದ ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆಸಿಕೊಂಡಿದ್ದೇನೆ, ಚಿಂತೆಯಿಲ್ಲ ಎಂದು ಅನೇಕರು ಹೇಳುತ್ತಾರೆ. ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಸಾಮಾನ್ಯ ಮುಖತ್ಯಾರ ಪತ್ರದ ಅಧಿಕಾರ ಕಾನೂನಿನ ಪ್ರಕಾರ ಅಲ್ಲಿಗೇ ಮುಗಿಯುತ್ತದೆ. ಒಪ್ಪಂದ ಕಾಯ್ದೆಯ 201ನೆಯ ಕಲಮು ಹೇಳುವುದು ಇದನ್ನೇ. ಅಂದರೆ ಮರೆವಿನ ಕಾಯಿಲೆ ಬಲಿತು, ಪತ್ರದ ಅಗತ್ಯ ನಿಜವಾಗಿ ಬೀಳುವ ಹೊತ್ತಿಗೆ ಅದು ಕೆಲಸಕ್ಕೆ ಬಾರದು. ಆಮೇಲೆ ಪಾಲಕರಾಗಿ ನೇಮಿಸಿಕೊಳ್ಳಲು ನ್ಯಾಯಾಲಯದ ಬಾಗಿಲಿಗೇ ಹೋಗಬೇಕಾಗುತ್ತದೆ. ಆದ್ದರಿಂದ ಅರಿವು ಸ್ಪಷ್ಟವಾಗಿರುವಾಗಲೇ ಉಳಿತಾಯ ಖಾತೆ ಮತ್ತು ಠೇವಣಿಗಳಿಗೆ ನಂಬಿಕೆಯ ಒಬ್ಬರನ್ನು ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಎಂಬ ಷರತ್ತು ಹಾಕಿಸಿ, ನಾಮಿನಿಯ ಹೆಸರು ಸರಿಯಿದೆಯೇ ನೋಡಿಕೊಳ್ಳಿ. ಠೇವಣಿಯನ್ನು ಅವಧಿಗೆ ಮುಂಚೆ ಮುರಿಸಲು ಇಬ್ಬರ ಸಹಿಯೂ ಬೇಕೇ ಎಂಬುದನ್ನು ಆಗಲೇ ಕೇಳಿ.

ಕೈ ನಡುಗಿ ಸಹಿ ಆಗದವರ ಬಗ್ಗೆ ರಿಸರ್ವ್ ಬ್ಯಾಂಕಿನ ಸೂಚನೆಯಿದೆ: ಹೆಬ್ಬೆಟ್ಟನ್ನು ಇಬ್ಬರು ಸಾಕ್ಷಿಗಳ ಎದುರು ಪಡೆದು ಹಣ ಕೊಡಬಹುದು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. 70 ದಾಟಿದವರಿಗೆ ಮನೆ ಬಾಗಿಲಿಗೆ ಮೂಲ ಸೇವೆ ಒದಗಿಸಬೇಕೆಂದು 2017ರಲ್ಲೇ ಬ್ಯಾಂಕುಗಳಿಗೆ ಹೇಳಲಾಗಿದೆ. ನಾನು ಲಿಖಿತವಾಗಿ ಕೇಳಿದ ಮೇಲೆ ಅಧಿಕಾರಿಯೊಬ್ಬರು ಆಶ್ರಮಕ್ಕೇ ಬಂದರು. ನೇರಳೆ ಶಾಯಿಯ ಪ್ಯಾಡನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟಾಗ ಆಯಿ ಅದನ್ನು ದೂರ ಸರಿಸಿ ಪೆನ್ನು ಕೇಳಿದಳು. ತನ್ನ ಹೆಸರಿನ ನಾಲ್ಕು ಅಕ್ಷರ ಬರೆಯಲು ಅವಳಿಗೆ ಐದು ನಿಮಿಷವಾಯಿತು, ಕೊನೆಯ ಅಕ್ಷರದ ಕೊಂಬು ಗೆರೆಯ ಹೊರಗೆ ಹೋಯಿತು. ಅಧಿಕಾರಿ ಕಾದರು. ಆಮೇಲೆ ಹೆಬ್ಬೆಟ್ಟನ್ನೂ ಪಡೆದು, "ಎರಡೂ ಇರಲಿ ಅಮ್ಮಾ" ಎಂದರು.

ಪಿಂಚಣಿದಾರರ ಜೀವಿತ ಪ್ರಮಾಣಪತ್ರವೂ ಈ ಸಾಲಿಗೇ ಸೇರುತ್ತದೆ. ನವೆಂಬರ್ ತಿಂಗಳಲ್ಲಿ ಕೊಡುವುದು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ, ನಿಂತದ್ದು ಗೊತ್ತಾಗುವ ಹೊತ್ತಿಗೆ ಠೇವಣಿ ಕರಗಿರುತ್ತದೆ. ಬೆರಳಚ್ಚು ಸವೆದವರು ಮೊಬೈಲಿನಲ್ಲಿ ಮುಖಗುರುತಿನ ಮೂಲಕ ಕೊಡಬಹುದು. ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವವರಿಗೆ, ಉದಾಹರಣೆಗೆ ಅಂಚೆ ಇಲಾಖೆ ಅಥವಾ ನೌಕಾಪಡೆಯಲ್ಲಿದ್ದವರಿಗೆ ಮತ್ತು ಅವರ ಕುಟುಂಬ ಪಿಂಚಣಿದಾರರಿಗೆ, 80 ತುಂಬಿದಾಗ ಮೂಲ ಪಿಂಚಣಿಯ ಮೇಲೆ ನೂರಕ್ಕೆ 20, 85ಕ್ಕೆ 30, 90ಕ್ಕೆ 40 ಹೆಚ್ಚುವರಿ ಸಿಗುತ್ತದೆ. ದಾಖಲೆಯಲ್ಲಿ ಹುಟ್ಟಿದ ದಿನಾಂಕ ತಪ್ಪಾಗಿದ್ದರೆ ಇದು ತಾನಾಗಿ ಬರುವುದಿಲ್ಲ. ಕುಟುಂಬ ಪಿಂಚಣಿ ಪಡೆಯುವ ಹೆಂಗಸರ ಹುಟ್ಟಿದ ದಿನಾಂಕ ಆದೇಶದಲ್ಲಿ ಬರೆದೇ ಇರದಿರುವುದೂ ಉಂಟು.

ಯಾವ ಹಣವನ್ನು ಮೊದಲು ಮುರಿಸಬೇಕು

ಎಲ್ಲ ಹಣ ಒಂದೇ ತರಹದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಅಡಿಕೆ ಬೆಳೆಗಾರರ ಉಳಿತಾಯ ಬಹುಪಾಲು ಸೊಸೈಟಿಯಲ್ಲಿ, ಅಂದರೆ ಪತ್ತಿನ ಸಹಕಾರಿ ಸಂಘದಲ್ಲಿ, ಇರುತ್ತದೆ, ಅಪ್ಪಯ್ಯನ ಕಾಲದಿಂದ ವಿಶ್ವಾಸ ಅಲ್ಲಿಯೇ. ಆದರೆ 2020ರ ಫೆಬ್ರವರಿಯಿಂದ 5 ಲಕ್ಷಕ್ಕೆ ಏರಿದ ಠೇವಣಿ ವಿಮೆ (ಬ್ಯಾಂಕು ಮುಳುಗಿದರೆ ಠೇವಣಿದಾರರಿಗೆ ಹಣ ಮರಳಿಸುವ ವಿಮೆ) ವಾಣಿಜ್ಯ ಬ್ಯಾಂಕು ಮತ್ತು ಸಹಕಾರಿ ಬ್ಯಾಂಕುಗಳ ಠೇವಣಿಗೆ ಅನ್ವಯಿಸುತ್ತದೆಯೇ ಹೊರತು ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಅನ್ವಯಿಸುವುದಿಲ್ಲ. ಸಂಘ ಚೆನ್ನಾಗಿ ನಡೆಯುತ್ತಿರಬಹುದು. ಆದರೂ ಮುಂದಿನ ಎರಡು ವರ್ಷದ ಶುಲ್ಕ ವಿಮೆಯಿಲ್ಲದ ಕಡೆ ಇರಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಮೊದಲು ಅವಧಿ ಮುಗಿಯುವ ಸೊಸೈಟಿ ಠೇವಣಿಯನ್ನು ನವೀಕರಿಸದೆ ಬ್ಯಾಂಕಿಗೆ ತಂದು, ಐವತ್ತು ಸಾವಿರ, ಒಂದು ಲಕ್ಷದ ಸಣ್ಣ ಸಣ್ಣ ಠೇವಣಿಗಳಾಗಿ, ಮೂರು ತಿಂಗಳಿಗೊಂದು ಮುಗಿಯುವಂತೆ ಇಡಿ. ಐದು ಲಕ್ಷದ ಒಂದೇ ಠೇವಣಿ ಇಟ್ಟು, ಇಪ್ಪತ್ತು ಸಾವಿರಕ್ಕಾಗಿ ಅಷ್ಟನ್ನೂ ಮುರಿಸಿ ಬಡ್ಡಿ ಕಳೆದುಕೊಳ್ಳುವ ತಪ್ಪನ್ನು ನಾನು ಎರಡು ಸಲ ಮಾಡಿದ್ದೇನೆ.

ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ಕೊನೆಯವರೆಗೂ ಮುಟ್ಟದಿರುವುದು ಲೇಸು. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ, ಖಾತೆ ತೆರೆದ ದಿನದ ದರ ಐದು ವರ್ಷವೂ ಬದಲಾಗುವುದಿಲ್ಲ, ಗರಿಷ್ಠ 30 ಲಕ್ಷದವರೆಗೆ ಇಡಬಹುದು. ಒಂದು ವರ್ಷದ ನಂತರ ಎರಡು ವರ್ಷದೊಳಗೆ ಮುಚ್ಚಿದರೆ ಅಸಲಿನಲ್ಲಿ ನೂರಕ್ಕೆ ಒಂದೂವರೆ, ಎರಡು ವರ್ಷದ ನಂತರವಾದರೆ ಒಂದು ರೂಪಾಯಿ ಕಡಿತವಾಗುತ್ತದೆ.

ಬಂಗಾರದ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಮಾತು ಹೇಳುತ್ತೇನೆ. ಆರೈಕೆಯ ಖರ್ಚು ತಿರುಗಿ ಬರುವ ಖರ್ಚಲ್ಲ. ಅದಕ್ಕಾಗಿ ಒಡವೆ ಅಡವಿಟ್ಟರೆ ಬಡ್ಡಿ ಬೆಳೆದು ಒಡವೆಯೇ ಹರಾಜಿಗೆ ಬರುತ್ತದೆ. ಅಡಿಕೆ ಮಾರಿದ ಹಣ ಎರಡು ತಿಂಗಳಲ್ಲಿ ಬರುವುದು ಖಚಿತವಿದ್ದರೆ ಅಡವು ಸರಿ. ಇಲ್ಲದಿದ್ದರೆ, ಆ ಒಡವೆ ಯಾರದೋ ಅವರ ಒಪ್ಪಿಗೆ ಪಡೆದು, ತೂಕದ ಚೀಟಿ ಇಟ್ಟುಕೊಂಡು, ಮಾರುವುದೇ ಒಳ್ಳೆಯದು.

ಮರೆತ ಹಣವನ್ನೂ ಹುಡುಕಿ. ಹತ್ತು ವರ್ಷ ವ್ಯವಹಾರವಿಲ್ಲದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಎಂಬ ಜಾಲತಾಣ ತೆರೆದಿದೆ. ಟ್ರಂಕಿನ ತಳದಲ್ಲಿರುವ ವಿಮಾ ಪಾಲಿಸಿ, ಸೊಸೈಟಿಯ ಷೇರು ಪತ್ರ, ಅಪ್ಪಯ್ಯನ ಹೆಸರಿನಲ್ಲೇ ಉಳಿದ ಪಾಸ್‌ಬುಕ್ ಇವನ್ನು ಒಂದು ಮಧ್ಯಾಹ್ನ ಕುಳಿತು ತೆಗೆದು ನೋಡಬೇಕು.

ತೋಟ ಮತ್ತು ಮನೆ

ತೋಟ ಇದೆಯಲ್ಲ, ಕೊನೆಗೆ ಮಾರಿದರಾಯಿತು ಎಂಬ ಧೈರ್ಯ ಎಲ್ಲ ಮನೆಗಳಲ್ಲೂ ಇರುತ್ತದೆ. ಆ ಧೈರ್ಯವನ್ನು ಪಹಣಿಯೊಡನೆ ಹೋಲಿಸಿ ನೋಡಿ. ಸೊಪ್ಪಿನ ಬೆಟ್ಟ ಅರಣ್ಯಭೂಮಿ. ಸೊಪ್ಪು ತರಲು ಬೆಳೆಗಾರರಿಗೆ ಇರುವ ಸವಲತ್ತು ಮಾತ್ರ ಅದರ ಮೇಲಿದೆ, ಮಾರುವ ಹಕ್ಕಿಲ್ಲ. ಅತಿಕ್ರಮಣದ ಜಮೀನಿಗೆ ಸಾಲವೂ ಇಲ್ಲ, ನೋಂದಣಿಯೂ ಇಲ್ಲ. ಉಳಿದ ಮಾಲ್ಕಿ (ಸ್ವಂತ ಹಕ್ಕಿನ) ಜಮೀನು ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲಿದೆ, ಅವರೆಲ್ಲರ ಸಹಿಯಿಲ್ಲದೆ ಕೊಳ್ಳುವವರು ಮುಂದೆ ಬರುವುದಿಲ್ಲ. ಹಿಸ್ಸೆ (ಪಾಲು ವಿಂಗಡಣೆ), ಪೋಡಿ (ಸರ್ವೆ ನಂಬರಿನ ವಿಭಜನೆ), ಸರ್ವೆ ಮುಗಿದು ಹಣ ಕೈಗೆ ಬರಲು ವರ್ಷವೇ ಹಿಡಿಯಬಹುದು. ನಾನು ಹನ್ನೆರಡು ತಿಂಗಳೆಂದು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಇದೇ. ಮಾರಲು ಮನಸ್ಸಿಲ್ಲದಿದ್ದರೆ ಆ ವರ್ಷದ ಫಸಲನ್ನು ಮಾತ್ರ ಗುತ್ತಿಗೆಗೆ ಕೊಟ್ಟು, ಆ ಹಣ ನೇರವಾಗಿ ತಾಯಿಯ ಖಾತೆಗೆ ಬೀಳುವಂತೆ ಬರೆಸಿಕೊಳ್ಳಬಹುದು. ಜಮೀನನ್ನೇ ಗೇಣಿಗೆ ಕೊಡುವುದಕ್ಕೆ ಭೂಸುಧಾರಣಾ ಕಾನೂನಿನ ಅಡ್ಡಿಯಿದೆ.

ಮನೆಯ ಮೇಲೆ ತಿಂಗಳು ತಿಂಗಳು ಹಣ ಕೊಡುವ ರಿವರ್ಸ್ ಮಾರ್ಟ್‌ಗೇಜ್ ಯೋಜನೆಯನ್ನು ಪಟ್ಟಣದ ಬಂಧುಗಳು ಸೂಚಿಸುತ್ತಾರೆ. 2007ರಲ್ಲಿ ಬಂದ ಆ ಯೋಜನೆ ಸ್ವಂತ ಸಂಪಾದನೆಯ ವಾಸದ ಮನೆಗೆ, ಅದೂ ಮಾಲೀಕರು ಅದರಲ್ಲಿಯೇ ವಾಸಿಸುತ್ತಿರುವಾಗ, ಅನ್ವಯಿಸುತ್ತದೆ. ಶಾಶ್ವತವಾಗಿ ಮನೆ ಬಿಟ್ಟವರ ಸಾಲ ಮರುಪಾವತಿಗೆ ಬರುತ್ತದೆ. ಆಶ್ರಮದಲ್ಲಿರುವವರಿಗೆ ಅದು ದಾರಿಯಲ್ಲ. ಕಾರವಾರ, ಶಿರಸಿ ಪೇಟೆಯಲ್ಲಿ ಮನೆ ಖಾಲಿ ಬಿದ್ದಿದ್ದರೆ ಅದನ್ನು ಬಾಡಿಗೆಗೆ ಕೊಡುವುದು ಸರಳ.

ಒಡಹುಟ್ಟಿದವರ ಜೊತೆ ಮಾತು

ಈ ಮಾತನ್ನು ಫೋನಿನಲ್ಲಿ ಒಬ್ಬೊಬ್ಬರೊಡನೆ ಆಡಬೇಡಿ. ಚೌತಿಗೋ ದೀಪಾವಳಿಗೋ ಎಲ್ಲರೂ ಊರಿಗೆ ಬಂದಾಗ, ಊಟವಾದ ಮೇಲೆ, ಮೊದಲು ಬರೆದ ಆ ಹಾಳೆಯ ಪ್ರತಿಯನ್ನು ಎಲ್ಲರ ಕೈಗೂ ಕೊಡಿ. ಯಾರು ಎಷ್ಟು ಮಾಡಿದರು ಎಂಬಲ್ಲಿಂದ ಮಾತು ಆರಂಭವಾದರೆ ಇಪ್ಪತ್ತು ವರ್ಷದ ಹಳೆಯ ಗಾಯಗಳೆಲ್ಲ ಹೊರಬರುತ್ತವೆ. ಯಾವ ತಿಂಗಳು ಎಷ್ಟು ಸಾಲದೆ ಬರುತ್ತದೆ ಎಂಬಲ್ಲಿಂದ ಆರಂಭವಾದರೆ ಕಣ್ಣು ಅಂಕಿಯ ಮೇಲಿರುತ್ತದೆ. ನಮ್ಮಲ್ಲಿ ಅಣ್ಣ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಇಷ್ಟೆಲ್ಲ ಆಗ್ತಿತ್ತು ಹೇಳಿ ನಂಗೆ ಗೊತ್ತೇ ಇತ್ತಿಲ್ಲೆ" ಎಂದ. ಅವನಿಗೆ ಹೇಳದಿದ್ದವನು ನಾನೇ ಆಗಿದ್ದೆ.

ಒಪ್ಪಿದ ಮೊತ್ತವನ್ನು ಪ್ರತಿಯೊಬ್ಬರೂ ಬ್ಯಾಂಕಿನ ಸ್ಥಾಯಿ ಸೂಚನೆಯ (ಪ್ರತಿ ತಿಂಗಳು ಹಣ ತಾನಾಗಿ ವರ್ಗವಾಗುವ ವ್ಯವಸ್ಥೆ) ಮೂಲಕ ತಾಯಿಯ ಖಾತೆಗೇ ಹಾಕಬೇಕು, ಲೆಕ್ಕ ನೋಡುವವರ ಖಾತೆಗೆ ಅಲ್ಲ. ಹಣ ಕೊಡಲಾಗದವರು ತಿಂಗಳಿಗೆ ಎರಡು ದಿನ ಆಸ್ಪತ್ರೆಯ ಓಡಾಟ ವಹಿಸಿಕೊಳ್ಳಲಿ, ಅದೂ ಹಾಳೆಯಲ್ಲಿ ಬರೆಯಲ್ಪಡಲಿ.

ಶಕ್ತಿಯಿದ್ದೂ ಕೊಡದ ಮಕ್ಕಳಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕ್ಷೇಮಪಾಲನೆ ಕಾಯ್ದೆಯಿದೆ. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಆ ಕಚೇರಿಗಳು ಕಾರವಾರ, ಕುಮಟಾ, ಭಟ್ಕಳ ಮತ್ತು ಶಿರಸಿಯಲ್ಲಿವೆ. ವಕೀಲರಿಲ್ಲದೆಯೇ ನಡೆಸಬಹುದಾದ ಪ್ರಕ್ರಿಯೆ ಅದು. ಅರ್ಜಿ ಕೊಡಲು ಆಗದವರ ಪರವಾಗಿ ಅವರು ಅಧಿಕಾರ ಕೊಟ್ಟ ಬೇರೊಬ್ಬರು ಅಥವಾ ಒಂದು ಸಂಸ್ಥೆ ಕೊಡಬಹುದು. ತಿಂಗಳಿಗೆ ಗರಿಷ್ಠ 10,000 ರೂಪಾಯಿಯವರೆಗೆ ಜೀವನಾಂಶ ಆದೇಶಿಸಬಹುದು, ನೋಟಿಸು ತಲುಪಿದ 90 ದಿನದೊಳಗೆ ತೀರ್ಮಾನವಾಗಬೇಕೆಂದು ಕಾನೂನು ಹೇಳುತ್ತದೆ, ಮಧ್ಯಂತರ ಜೀವನಾಂಶಕ್ಕೂ ಅವಕಾಶವಿದೆ. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಕೇಳಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ದಾನಪತ್ರ ಬರೆಸಿಕೊಂಡು ನೋಡಿಕೊಳ್ಳದಿದ್ದರೆ 23ನೆಯ ಕಲಮಿನಂತೆ ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕಾಗುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಇನ್ನೂ ಪತ್ರ ಬರೆಯದವರು ಆ ಷರತ್ತನ್ನು ಪತ್ರದೊಳಗೇ ಬರೆಸಲಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿಯನ್ನು ಕಾಣಬೇಕು. ಎಲ್ಲಿ ಹೋಗಬೇಕೆಂದು ತಿಳಿಯದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಸರ್ಕಾರದಿಂದ ಬರುವುದು ಎಷ್ಟು

ಇಲ್ಲಿ ದೊಡ್ಡ ನಿರೀಕ್ಷೆ ಬೇಡ, ಆದರೆ ಬರುವುದನ್ನು ಬಿಡಲೂ ಬಾರದು. 65 ದಾಟಿದ, ಬೇರೆ ಪಿಂಚಣಿ ಇಲ್ಲದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಿದೆ, ಅರ್ಜಿ ನಾಡಕಚೇರಿಯಲ್ಲಿ. ಅದಕ್ಕೆ ಆದಾಯದ ಮತ್ತು ಠೇವಣಿಯ ಮಿತಿ ಇರುವುದರಿಂದ ಉಳಿತಾಯ ಇದ್ದಾಗ ಸಿಗದಿದ್ದದ್ದು ಕರಗಿದ ಮೇಲೆ ಸಿಗಬಹುದು. ಒಮ್ಮೆ ತಿರಸ್ಕೃತವಾಯಿತೆಂದು ಕೈಬಿಡಬೇಡಿ. ಪಡಿತರ ಚೀಟಿಯಲ್ಲಿ ಯಜಮಾನಿಯಾಗಿರುವ ತಾಯಿಗೆ ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದು ಯಾವ ಖಾತೆಗೆ ಹೋಗುತ್ತಿದೆ ನೋಡಿ. ಆಯುಷ್ಮಾನ್ ಕಾರ್ಡು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ, ಆಶ್ರಮದ ಶುಲ್ಕಕ್ಕೆ ಅಲ್ಲ. ದಿನನಿತ್ಯದ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ, ಉಳಿದವು ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ; ವೈದ್ಯರಿಂದ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರನ್ನು ಬರೆಸಿಕೊಂಡು ಹೋದರೆ ಸುಲಭ.

ನಿರ್ಗತಿಕ ಹಿರಿಯರಿಗಾಗಿ ಸರ್ಕಾರದ ಅನುದಾನದಲ್ಲಿ ನಡೆಯುವ ಉಚಿತ ವೃದ್ಧಾಶ್ರಮಗಳ ವಿವರಕ್ಕೆ ಕಾರವಾರದಲ್ಲಿರುವ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯನ್ನು ಕೇಳಬೇಕು. ಹಾಸಿಗೆ ಹಿಡಿದವರನ್ನು ಸೇರಿಸಿಕೊಳ್ಳುವರೇ, ರಾತ್ರಿ ಯಾರಿರುತ್ತಾರೆ, ಜಾಗ ಯಾವಾಗ ಖಾಲಿಯಾಗುತ್ತದೆ ಎಂಬ ಮೂರು ಪ್ರಶ್ನೆ ಮೊದಲೇ ಕೇಳಿ, ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ.

ಆಶ್ರಮದವರಿಗೆ ಯಾವಾಗ ಹೇಳಬೇಕು

ಹಣ ಮುಗಿಯುವ ಎಂಟು ಹತ್ತು ತಿಂಗಳ ಮುಂಚೆ. ಬಾಕಿ ಬಿದ್ದ ಮೇಲೆ ಹೇಳಿದರೆ ನೀವು ಬಾಕಿದಾರರು, ಮೊದಲೇ ಹೇಳಿದರೆ ಎದುರು ಕುಳಿತು ಮಾತಾಡುವವರು. ಹೋಗುವ ಮುನ್ನ ಸೇರಿಸುವಾಗ ಸಹಿ ಮಾಡಿದ ಕರಾರನ್ನು ಓದಿ: ಮುಂಗಡ ಠೇವಣಿ ಎಷ್ಟು ಮರಳುತ್ತದೆ, ಬಿಡಲು ಎಷ್ಟು ದಿನದ ನೋಟಿಸು ಬೇಕು, ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಪೂರ್ತಿ ಶುಲ್ಕವೇ, ಶುಲ್ಕ ಏರಿಸಲು ಮಿತಿಯಿದೆಯೇ. ಒಂಟಿ ಕೊಠಡಿಯಿಂದ ಮೂರು ಹಾಸಿಗೆಯ ಕೊಠಡಿಗೆ ಬದಲಿಸಿದರೆ ಎಷ್ಟು ಇಳಿಯುತ್ತದೆ, ಡೈಪರನ್ನು ನಾವೇ ಸಗಟಾಗಿ ತಂದುಕೊಡಬಹುದೇ, ಕಡಿಮೆ ಶುಲ್ಕದ ಸ್ಥಾನಗಳಿವೆಯೇ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ.

ಮನೆಗೆ ಕರೆತರುವ ಯೋಚನೆಯಿದ್ದರೆ ಅದರ ಲೆಕ್ಕವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಹಾಕಬೇಕು. ಹೋಮ್ ನರ್ಸ್ ಸಂಬಳ, ಅವರ ಊಟ ವಸತಿ, ಅವರು ಊರಿಗೆ ಹೋದಾಗಿನ ಬದಲಿ, ಕಮೋಡು, ಗಾಳಿ ಹಾಸಿಗೆ, ಮಳೆಗಾಲದ ವಿದ್ಯುತ್ ಕಡಿತಕ್ಕೆ ಇನ್ವರ್ಟರ್ ಎಲ್ಲ ಸೇರಿಸಿದರೆ ಹಲವೊಮ್ಮೆ ಆಶ್ರಮಕ್ಕಿಂತ ಹೆಚ್ಚೇ ಆಗುತ್ತದೆ. ಕಡಿಮೆಯಾಗುವುದು ಮನೆಯವರೊಬ್ಬರು ಕೆಲಸ ಬಿಟ್ಟು ನಿಂತಾಗ ಮಾತ್ರ, ಹಾಗೆ ನಿಲ್ಲುವವರು ಬಹುತೇಕ ಸೊಸೆಯೋ ಮಗಳೋ ಆಗಿರುತ್ತಾರೆ. ಅವರ ಬಿಟ್ಟುಹೋದ ದುಡಿಮೆಯನ್ನೂ ಹಾಳೆಯಲ್ಲಿ ಒಂದು ಸಾಲಾಗಿ ಬರೆಯಿರಿ.

ಇಷ್ಟೆಲ್ಲ ನಡೆಯುವಾಗ, ಹಾಸಿಗೆಯಲ್ಲಿರುವವರಿಗೆ ಏನೂ ಗೊತ್ತಾಗುವುದಿಲ್ಲ ಎಂದುಕೊಳ್ಳಬೇಡಿ. ನಾನು ಬ್ಯಾಂಕಿನ ಚೀಲ ಹಿಡಿದು ಹೋದ ಒಂದು ದಿನ ಆಯಿ, "ತಮಾ, ಇನ್ನೆಷ್ಟು ದಿನಕ್ಕೆ ಸಾಕಾಗ್ತು?" ಎಂದು ಕೇಳಿದಳು. ಬೇಕಾದಷ್ಟಿದೆ ಎಂದು ಹೇಳಬಹುದಿತ್ತು. ಹಾಳೆ ತೆಗೆದು ತೋರಿಸಿದೆ, ಮುಂದಿನ ವರ್ಷದ ವ್ಯವಸ್ಥೆ ಹೀಗಿದೆ, ಅಣ್ಣ ಇಷ್ಟು ಹಾಕುತ್ತಾನೆ, ತಂಗಿ ಇಷ್ಟು ಎಂದೆ. ಅವಳು ತಂಗಿಯ ಹೆಸರಿನ ಮುಂದಿದ್ದ ಮೊತ್ತದ ಮೇಲೆ ಬೆರಳಿಟ್ಟು, ಅದನ್ನು ಕಡಿಮೆ ಮಾಡಿಸಲು ಹೇಳಿ, ಅದರ ಬದಲು ತನ್ನ ಎರಡು ಬಳೆಗಳನ್ನು ಮಾರಲು ಒಪ್ಪಿದಳು. ಆ ಬದಲಾವಣೆಯನ್ನು ಅಲ್ಲಿಯೇ ಬರೆದು, ಪಕ್ಕದಲ್ಲಿ ಅವಳ ಸಹಿ ಹಾಕಿಸಿಕೊಂಡೆ.